ಕಟ್ಟಡ ಸಮೀಕ್ಷೆ ಮತ್ತು ವಿಮಾ ಮೌಲ್ಯಮಾಪನ

ಕಟ್ಟಡ ಸಮೀಕ್ಷೆ ಎಂದರೆ ಒಂದು ಕಟ್ಟಡದ ರಚನೆ, ಅದರಲ್ಲಿ ಬಳಸಿರುವ ಸಾಮಗ್ರಿ, ಈಗಿನ ಸ್ಥಿತಿ ಮತ್ತು ದೋಷಗಳನ್ನು ಪರಿಣತರು ಸ್ಥಳದಲ್ಲಿ ಪರಿಶೀಲಿಸಿ ಲಿಖಿತ ವರದಿ ನೀಡುವ ಕ್ರಮ. ವಿಮಾ ಮೌಲ್ಯಮಾಪನ ಎಂದರೆ ಅದೇ ಕಟ್ಟಡವು ಬೆಂಕಿ, ಭೂಕಂಪ, ನೆರೆ ಮೊದಲಾದ ಅವಘಡಗಳಲ್ಲಿ ಸಂಪೂರ್ಣವಾಗಿ ನಾಶವಾದರೆ ಅದನ್ನು ಮೊದಲಿನಂತೆ ಕಟ್ಟಿ ನಿಲ್ಲಿಸಲು ಎಷ್ಟು ಹಣ ಬೇಕಾಗುತ್ತದೆ ಎಂಬುದನ್ನು ಲೆಕ್ಕಹಾಕುವುದು. ಮೊದಲನೆಯದು ಕಟ್ಟಡ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು ಅದು ಇಲ್ಲವಾದರೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ.

ಕಟ್ಟಡವನ್ನು ಬಾಡಿಗೆಗೆ ಅಥವಾ ಗುತ್ತಿಗೆಗೆ ಕೊಟ್ಟಾಗ ಈ ಎರಡು ದಾಖಲೆಗಳಿಗೆ ವಿಶೇಷ ಮಹತ್ವ ಬರುತ್ತದೆ. ಅಲ್ಲಿ ಕಟ್ಟಡದ ಒಡೆತನ ಒಬ್ಬರದು, ಬಳಕೆ ಇನ್ನೊಬ್ಬರದು. ಗೋಡೆ ಬಿರುಕು ಬಿಟ್ಟರೆ ದುರಸ್ತಿ ಯಾರದು, ಬೆಂಕಿ ಬಿದ್ದರೆ ನಷ್ಟ ಯಾರದು ಎಂಬ ವಿವಾದಗಳು ಹೆಚ್ಚಾಗಿ ತೀರ್ಮಾನವಾಗುವುದು ಹಾನಿಗೆ ಮುಂಚೆ ಬರೆದಿಟ್ಟ ಕಾಗದಗಳ ಆಧಾರದಿಂದ. ಹಾನಿಯಾದ ಮೇಲೆ ಕಟ್ಟಡದ ಹಿಂದಿನ ಸ್ಥಿತಿಯನ್ನು ಸಾಬೀತುಪಡಿಸುವುದು ಕಷ್ಟ. ವಿಮಾ ಮೊತ್ತವನ್ನು ಹೆಚ್ಚಿಸುವುದಂತೂ ಅಸಾಧ್ಯ.

ಪದದ ಅರ್ಥವ್ಯಾಪ್ತಿ

ಕನ್ನಡದಲ್ಲಿ ‘ಸರ್ವೆ’ ಎಂಬ ಮಾತು ಸಾಮಾನ್ಯವಾಗಿ ಜಮೀನಿನ ಅಳತೆಯನ್ನು, ಅಂದರೆ ಮೋಜಣಿಯನ್ನು ಸೂಚಿಸುತ್ತದೆ. ಈ ಲೇಖನದ ವಿಷಯ ಅದಲ್ಲ. ವಿಮಾ ಕ್ಷೇತ್ರದಲ್ಲಿಯೂ ‘ಸರ್ವೇಯರ್’ ಎಂಬ ಪದ ಬಳಕೆಯಲ್ಲಿದೆ. ಭಾರತದಲ್ಲಿ ಅದು ಹಾನಿಯಾದ ನಂತರ ಸ್ಥಳಕ್ಕೆ ಬಂದು ನಷ್ಟವನ್ನು ಅಂದಾಜು ಮಾಡುವ ಪರವಾನಗಿ ಪಡೆದ ವ್ಯಕ್ತಿಗೆ ಸಲ್ಲುತ್ತದೆ. ಹಾನಿಗೆ ಮೊದಲು ಕಟ್ಟಡದ ಸ್ಥಿತಿಯನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಸಿವಿಲ್ ಎಂಜಿನಿಯರರು ಅಥವಾ ವಾಸ್ತುಶಿಲ್ಪಿಗಳು. ಬೆಲೆಯನ್ನು ನಿರ್ಧರಿಸುವವರು ನೋಂದಾಯಿತ ಮೌಲ್ಯಮಾಪಕರು. ಬ್ರಿಟನ್ನಿನಲ್ಲಿ ಈ ಕೆಲಸಗಳಲ್ಲಿ ಹೆಚ್ಚಿನವು ‘ಚಾರ್ಟರ್ಡ್ ಸರ್ವೇಯರ್’ ಎಂಬ ಒಂದೇ ವೃತ್ತಿಯ ಶಾಖೆಗಳಾಗಿವೆ.

ಇತಿಹಾಸ

ಕಟ್ಟಡ ನಾಶವಾದಾಗ ಹೊರೆ ಯಾರದು ಎಂಬ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದುರಾದ ಪ್ರಸಿದ್ಧ ಸಂದರ್ಭ 1666ರ ಸೆಪ್ಟೆಂಬರ್‌ನಲ್ಲಿ ಸಂಭವಿಸಿದ ಲಂಡನ್ನಿನ ಮಹಾ ಅಗ್ನಿ ದುರಂತ. ಸುಮಾರು 13,200 ಮನೆಗಳು ಸುಟ್ಟುಹೋದವು. ಅವುಗಳಲ್ಲಿ ಬಹಳಷ್ಟು ಗುತ್ತಿಗೆಯ ಮನೆಗಳು. ಅಂದಿನ ಗುತ್ತಿಗೆ ಪತ್ರಗಳ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಅನೇಕ ಕಡೆ ಬಾಡಿಗೆದಾರನದೇ ಆಗಿತ್ತು. ಹೀಗಾಗಿ ಮನೆ ಬೂದಿಯಾದರೂ ಬಾಡಿಗೆ ಕಟ್ಟುತ್ತ, ಸ್ವಂತ ಖರ್ಚಿನಲ್ಲಿ ಅದನ್ನು ಮತ್ತೆ ಕಟ್ಟಿಕೊಡಬೇಕಾದ ಸ್ಥಿತಿ ಅವರಿಗೆ ಬಂದೊದಗಿತು. ಈ ವಿವಾದಗಳ ಇತ್ಯರ್ಥಕ್ಕಾಗಿ ಪಾರ್ಲಿಮೆಂಟು ‘ಅಗ್ನಿ ನ್ಯಾಯಾಲಯ’ವನ್ನು ಸ್ಥಾಪಿಸಿತು. 1667ರಿಂದ ಕ್ಲಿಫರ್ಡ್ಸ್ ಇನ್ ಎಂಬಲ್ಲಿ ಕಲಾಪ ನಡೆಸಿದ ಈ ನ್ಯಾಯಾಲಯಕ್ಕೆ ಬಾಡಿಗೆಯನ್ನು ಇಳಿಸುವ, ಗುತ್ತಿಗೆಯ ಅವಧಿಯನ್ನು ವಿಸ್ತರಿಸುವ ಅಥವಾ ಹಳೆಯ ಗುತ್ತಿಗೆಯನ್ನೇ ರದ್ದುಮಾಡುವ ಅಧಿಕಾರವಿತ್ತು. ಮರುನಿರ್ಮಾಣದ ವೆಚ್ಚವನ್ನು ಹೊರುವವರಿಗೆ ಅನುಕೂಲವಾಗುವಂತೆ ಅದು ಇಬ್ಬರ ಹಿತಗಳನ್ನೂ ತೂಗಿನೋಡಿ ತೀರ್ಪು ನೀಡುತ್ತಿತ್ತು.

ಇದೇ ದುರಂತದ ಹಿನ್ನೆಲೆಯಲ್ಲಿ 1680ರ ದಶಕದ ಆರಂಭದ ವೇಳೆಗೆ ನಿಕೋಲಸ್ ಬಾರ್ಬನ್ ಎಂಬಾತ ಲಂಡನ್ನಿನಲ್ಲಿ ಮನೆಗಳಿಗೆ ಅಗ್ನಿ ವಿಮೆಯನ್ನು ಆರಂಭಿಸಿದನು. ಇಟ್ಟಿಗೆಯ ಮನೆಗಿಂತ ಮರದ ಮನೆಗೆ ಎರಡರಷ್ಟು ವಿಮಾ ಕಂತನ್ನು ವಿಧಿಸಲಾಗುತ್ತಿತ್ತು. ಕಟ್ಟಡವನ್ನು ಯಾವುದರಿಂದ ಕಟ್ಟಲಾಗಿದೆ ಎಂಬುದನ್ನು ನೋಡಿ ಅಪಾಯವನ್ನು ಅಳೆಯುವ ಈ ಪದ್ಧತಿ ಇಂದಿಗೂ ಮುಂದುವರಿದಿದೆ.

1868ರಲ್ಲಿ ಲಂಡನ್ನಿನಲ್ಲಿ ಸರ್ವೇಯರುಗಳ ವೃತ್ತಿಸಂಸ್ಥೆ ಸ್ಥಾಪನೆಯಾಯಿತು. 1881ರಲ್ಲಿ ರಾಜ ಸನ್ನದು ಪಡೆದ ಅದು ಈಗ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ (ಆರ್‌ಐಸಿಎಸ್) ಎಂಬ ಹೆಸರಿನಲ್ಲಿದೆ. ಕಟ್ಟಡ ವೆಚ್ಚದ ಮಾಹಿತಿಯನ್ನು ಕಲೆಹಾಕಿ ಪ್ರಕಟಿಸುವ ಸೇವೆಯೊಂದನ್ನು ಈ ಸಂಸ್ಥೆ 1962ರಲ್ಲಿ ಆರಂಭಿಸಿತು. ಬ್ರಿಟನ್ನಿನ ಮರುನಿರ್ಮಾಣ ವೆಚ್ಚದ ಅಂದಾಜುಗಳಿಗೆ ಆ ಮಾಹಿತಿ ಮುಖ್ಯ ಆಧಾರವಾಗಿದೆ.

ಸಮೀಕ್ಷೆಯ ವಿಧಗಳು

ಉದ್ದೇಶಕ್ಕೆ ತಕ್ಕಂತೆ ಕಟ್ಟಡ ಸಮೀಕ್ಷೆಯಲ್ಲಿ ಹಲವು ಬಗೆಗಳಿವೆ.

ಸಾಮಾನ್ಯ ಸ್ಥಿತಿ ವರದಿ: ಕಣ್ಣಿಗೆ ಕಾಣುವ ಭಾಗಗಳನ್ನಷ್ಟೇ ನೋಡಿ ಪ್ರತಿಯೊಂದಕ್ಕೂ ದರ್ಜೆ ನೀಡುವ ಸಂಕ್ಷಿಪ್ತ ವರದಿ. ಆರ್‌ಐಸಿಎಸ್ ಮನೆ ಸಮೀಕ್ಷೆಯನ್ನು ಮೂರು ಹಂತಗಳಾಗಿ ವಿಂಗಡಿಸಿದೆ. ಇದು ಅದರ ಮೊದಲ ಹಂತಕ್ಕೆ ಸಮಾನ. ದರ್ಜೆಗಳನ್ನು ಹಸಿರು, ಹಳದಿ, ಕೆಂಪು ಬಣ್ಣಗಳಿಂದ ಸೂಚಿಸಲಾಗುತ್ತದೆ. ಕೆಂಪು ಎಂದರೆ ತಡಮಾಡದೆ ಗಮನಿಸಬೇಕಾದ ದೋಷ.

ಸಂಪೂರ್ಣ ಕಟ್ಟಡ ಸಮೀಕ್ಷೆ: ಹಳೆಯ, ವಿಶಿಷ್ಟ ರಚನೆಯ ಅಥವಾ ಬಹಳ ಮಾರ್ಪಾಡುಗೊಂಡ ಕಟ್ಟಡಗಳಿಗೆ ಮಾಡಿಸುವಂಥದು. ದೋಷದ ಪಟ್ಟಿಯ ಜೊತೆಗೆ ಅದರ ಕಾರಣ, ದುರಸ್ತಿಯ ವಿಧಾನ ಮತ್ತು ನಿರ್ಲಕ್ಷಿಸಿದರೆ ಆಗಬಹುದಾದ ಪರಿಣಾಮಗಳನ್ನೂ ಇದು ವಿವರಿಸುತ್ತದೆ.

ಪ್ರವೇಶಕಾಲದ ಸ್ಥಿತಿ ದಾಖಲೆ: ಬಾಡಿಗೆದಾರನು ಕಟ್ಟಡವನ್ನು ವಶಕ್ಕೆ ಪಡೆಯುವ ದಿನ ಅದು ಹೇಗಿತ್ತು ಎಂಬುದನ್ನು ಕೋಣೆವಾರು ಬರೆದು, ಛಾಯಾಚಿತ್ರಗಳನ್ನು ಸೇರಿಸಿ, ಕರಾರಿಗೆ ಲಗತ್ತಿಸುವ ಪಟ್ಟಿ. ಇದು ಮುಖ್ಯವಾಗಿ ಬಾಡಿಗೆದಾರನನ್ನು ಕಾಯುತ್ತದೆ. ಮೊದಲೇ ಇದ್ದ ಬಿರುಕನ್ನು ತನ್ನ ತಲೆಗೆ ಕಟ್ಟದಂತೆ ತಡೆಯಲು ಅವನಿಗಿರುವ ಪ್ರಬಲ ಆಧಾರ ಇದೇ.

ದುರಸ್ತಿ ಬಾಕಿ ಪಟ್ಟಿ: ಗುತ್ತಿಗೆಯ ಕೊನೆಯಲ್ಲಿ, ಕೆಲವೊಮ್ಮೆ ಮಧ್ಯದಲ್ಲಿ, ಮಾಲೀಕನ ಪರವಾಗಿ ತಯಾರಿಸುವ ಪಟ್ಟಿ. ಕರಾರಿನ ಯಾವ ಷರತ್ತು ಎಲ್ಲಿ ಮುರಿದಿದೆ, ಸರಿಪಡಿಸಲು ಏನು ಮಾಡಬೇಕು, ಎಷ್ಟು ಖರ್ಚಾಗುತ್ತದೆ ಎಂಬುದನ್ನು ಇದರಲ್ಲಿ ಕ್ರಮವಾಗಿ ನಮೂದಿಸಲಾಗುತ್ತದೆ.

ಪರಿಶೀಲಿಸುವ ಅಂಶಗಳು

ಸಮೀಕ್ಷಕರು ಸಾಮಾನ್ಯವಾಗಿ ಛಾವಣಿಯಿಂದ ತಳಪಾಯದವರೆಗೆ ಕ್ರಮವಾಗಿ ನೋಡುತ್ತ ಬರುತ್ತಾರೆ: ತಾರಸಿ ಅಥವಾ ಹೆಂಚಿನ ಸ್ಥಿತಿ, ಮಳೆನೀರಿನ ಹರಿವು, ಗೋಡೆಯ ಬಿರುಕು, ನೆಲದಿಂದ ಮೇಲೇರುವ ತೇವ, ಕಾಂಕ್ರೀಟಿನೊಳಗಿನ ಕಬ್ಬಿಣದ ತುಕ್ಕು, ಮರಕ್ಕೆ ಹತ್ತಿದ ಗೆದ್ದಲು, ವಿದ್ಯುತ್ ತಂತಿಗಳು, ನೀರಿನ ಮತ್ತು ಒಳಚರಂಡಿಯ ಕೊಳವೆಗಳು, ಬೆಂಕಿ ಬಿದ್ದಾಗ ಹೊರಹೋಗುವ ದಾರಿ.

ಬಿರುಕಿನ ಅಗಲಕ್ಕಿಂತ ಅದರ ದಿಕ್ಕು ಮತ್ತು ಚಲನೆ ಹೆಚ್ಚು ಹೇಳುತ್ತವೆ. ಗಾರೆಯ ಮೇಲ್ಪದರದಲ್ಲಿ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಬಹುಮಟ್ಟಿಗೆ ಗಾರೆ ಒಣಗುವಾಗ ಉಂಟಾದವು. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಇಳಿಯುವ, ದಿನೇ ದಿನೇ ಅಗಲವಾಗುವ ಬಿರುಕು ತಳಪಾಯದ ಕುಸಿತವನ್ನು ಸೂಚಿಸಬಹುದು. ಮಣ್ಣಿನ ಗುಣವೂ ಇಲ್ಲಿ ಮುಖ್ಯ. ಲಂಡನ್ ಸುತ್ತಲಿನ ಜೇಡಿಮಣ್ಣು ಒಣ ಬೇಸಿಗೆಯಲ್ಲಿ ಕುಗ್ಗಿ ಮನೆಗಳ ಕುಸಿತಕ್ಕೆ ಕಾರಣವಾಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅಲ್ಲಿನ ಕಟ್ಟಡಗಳಲ್ಲಿಯೂ ಇಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ.

ಕಟ್ಟಡದ ಹೊರಹೊದಿಕೆಯ ಪರಿಶೀಲನೆಗೆ ಇತ್ತೀಚೆಗೆ ಹೆಚ್ಚಿನ ಮಹತ್ವ ಬಂದಿದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದಲ್ಲಿ ಹತ್ತಿಕೊಂಡ ಬೆಂಕಿಯು ಹೊರಗೋಡೆಯ ದಹನಶೀಲ ಹೊದಿಕೆಯ ಮೂಲಕ ವೇಗವಾಗಿ ಹಬ್ಬಿ 72 ಜನರ ಸಾವಿಗೆ ಕಾರಣವಾಯಿತು. ಆ ನಂತರ ಬ್ರಿಟನ್ನಿನಲ್ಲಿ ಎತ್ತರದ ಕಟ್ಟಡಗಳ ಹೊರಗೋಡೆಗೆ ಪ್ರತ್ಯೇಕ ತಪಾಸಣೆಯ ಕ್ರಮ ರೂಢಿಗೆ ಬಂದಿತು.

ವಿಮಾ ಮೌಲ್ಯಮಾಪನ

ಮಾರುಕಟ್ಟೆ ಬೆಲೆಯೂ ಮರುನಿರ್ಮಾಣ ವೆಚ್ಚವೂ

ವಿಮಾ ಮೊತ್ತವನ್ನು ನಿಗದಿಪಡಿಸುವಾಗ ಆಗುವ ಸಾಮಾನ್ಯ ತಪ್ಪು ಕಟ್ಟಡದ ಮಾರಾಟ ಬೆಲೆಯನ್ನೇ ವಿಮಾ ಮೊತ್ತವೆಂದು ಭಾವಿಸುವುದು. ಮಾರಾಟ ಬೆಲೆಯಲ್ಲಿ ನಿವೇಶನದ ಬೆಲೆ ಸೇರಿರುತ್ತದೆ. ನಿವೇಶನ ಬೆಂಕಿಯಲ್ಲಿ ಸುಡುವುದಿಲ್ಲ. ಆದ್ದರಿಂದ ಅದಕ್ಕೆ ವಿಮೆ ಮಾಡಿಸುವುದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮನೆಯ ಬೆಲೆಯ ಬಹುಭಾಗ ನೆಲದ ಬೆಲೆಯೇ ಆಗಿರಬಹುದು. ಅಲ್ಲಿ ಮಾರುಕಟ್ಟೆ ಬೆಲೆಗೆ ವಿಮೆ ಮಾಡಿಸಿದರೆ ಅನಗತ್ಯ ಕಂತನ್ನು ಕಟ್ಟಿದಂತಾಗುತ್ತದೆ. ಪರಿಹಾರ ಮಾತ್ರ ನಿಜವಾದ ನಷ್ಟವನ್ನು ಮೀರುವುದಿಲ್ಲ. ಮಲೆನಾಡಿನ ಒಂದು ಹಳ್ಳಿಯ ತೊಟ್ಟಿಮನೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಕಾಣಬಹುದು. ಅದನ್ನು ಕೊಳ್ಳುವವರು ಹೆಚ್ಚಿನ ಬೆಲೆ ಕೊಡಲಾರರು. ಆದರೆ ಅದರ ಕೆತ್ತನೆಯ ಕಂಬಗಳನ್ನೂ ಮರದ ಅಟ್ಟವನ್ನೂ ಮತ್ತೆ ಮಾಡಿಸಲು ಹೊರಟರೆ ಆಗುವ ಖರ್ಚು ಮಾರಾಟ ಬೆಲೆಯನ್ನು ಮೀರಬಹುದು.

ಲೆಕ್ಕದ ಕ್ರಮ

ಮರುನಿರ್ಮಾಣ ವೆಚ್ಚವನ್ನು ಸಾಮಾನ್ಯವಾಗಿ ಈ ಬಾಬುಗಳನ್ನು ಕೂಡಿಸಿ ಪಡೆಯಲಾಗುತ್ತದೆ:

1. ಕಟ್ಟಡದ ವಿಸ್ತೀರ್ಣವನ್ನು ಆ ಬಗೆಯ ಕಟ್ಟಡಕ್ಕೆ ಅನ್ವಯಿಸುವ ಚದರಳತೆಯ ದರದಿಂದ ಗುಣಿಸಿದ ಮೊತ್ತ.
2. ಉಳಿದ ಗೋಡೆಗಳನ್ನು ಕೆಡವುವ, ಅವಶೇಷಗಳನ್ನು ಸಾಗಿಸುವ ಮತ್ತು ಪಕ್ಕದ ಕಟ್ಟಡಕ್ಕೆ ಆಸರೆ ಕೊಡುವ ಖರ್ಚು.
3. ವಾಸ್ತುಶಿಲ್ಪಿ, ಎಂಜಿನಿಯರ್ ಮೊದಲಾದವರ ಶುಲ್ಕ.
4. ನಕ್ಷೆಯ ಮಂಜೂರಾತಿ, ಈಗಿನ ಕಟ್ಟಡ ನಿಯಮಗಳಿಗೆ ಹೊಂದಿಸುವ ಹೆಚ್ಚುವರಿ ವೆಚ್ಚ ಮತ್ತು ತೆರಿಗೆ.
5. ಆವರಣ ಗೋಡೆ, ಗೇಟು, ನೀರಿನ ತೊಟ್ಟಿಯಂತಹ ಹೊರಾಂಗಣ ರಚನೆಗಳು.
6. ಪಾಲಿಸಿಯ ಅವಧಿಯಲ್ಲಿ ಮತ್ತು ಮರುನಿರ್ಮಾಣದ ಅವಧಿಯಲ್ಲಿ ಆಗಬಹುದಾದ ಬೆಲೆ ಏರಿಕೆ.

ಇವುಗಳಲ್ಲಿ ಯಾವುದು ಮೂಲ ವಿಮಾ ಮೊತ್ತದಲ್ಲಿ ಸೇರಿದೆ, ಯಾವುದಕ್ಕೆ ಪಾಲಿಸಿಯಲ್ಲಿ ಪ್ರತ್ಯೇಕ ಮಿತಿ ಇದೆ ಎಂಬುದನ್ನು ಓದಿ ತಿಳಿದುಕೊಳ್ಳಬೇಕು. ಬಾಡಿಗೆದಾರನು ಸ್ವಂತ ಖರ್ಚಿನಲ್ಲಿ ಮಾಡಿಸಿದ ಒಳಾಂಗಣ ಅಲಂಕಾರ, ಕಪಾಟು, ಯಂತ್ರ, ದಾಸ್ತಾನು ಇವು ಸಾಮಾನ್ಯವಾಗಿ ಮಾಲೀಕನ ಕಟ್ಟಡ ವಿಮೆಯಲ್ಲಿ ಸೇರುವುದಿಲ್ಲ. ಅವುಗಳಿಗೆ ಬಾಡಿಗೆದಾರನು ಬೇರೆಯಾಗಿಯೇ ವಿಮೆ ಮಾಡಿಸಬೇಕಾಗುತ್ತದೆ.

ಸಾಮಗ್ರಿಯ ಬೆಲೆ ಮತ್ತು ಕೂಲಿಯ ದರ ಏರುತ್ತಲೇ ಇರುವುದರಿಂದ ಒಮ್ಮೆ ಮಾಡಿದ ಲೆಕ್ಕ ಬಹುಕಾಲ ನಿಲ್ಲದು. ಪ್ರತಿವರ್ಷ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಮೊತ್ತವನ್ನು ಹೊಂದಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಮೌಲ್ಯಮಾಪನ ಮಾಡಿಸುವುದು ವಾಡಿಕೆ. ಕಟ್ಟಡಕ್ಕೆ ಮಹಡಿ ಏರಿಸಿದಾಗ ಅಥವಾ ಅದರ ಬಳಕೆ ಬದಲಾದಾಗ ಕೂಡಲೇ ವಿಮಾ ಕಂಪನಿಗೆ ತಿಳಿಸಬೇಕು.

ಕಡಿಮೆ ವಿಮೆ ಮತ್ತು ಸರಾಸರಿ ನಿಯಮ

ಕಟ್ಟಡದ ನಿಜವಾದ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ, ಅನೇಕ ಪಾಲಿಸಿಗಳಲ್ಲಿ ‘ಸರಾಸರಿ ನಿಯಮ’ ಅನ್ವಯಿಸುತ್ತದೆ. ವಿಮೆಯಿಲ್ಲದ ಭಾಗಕ್ಕೆ ಮಾಲೀಕನೇ ವಿಮಾದಾರ ಎಂಬುದು ಇದರ ತರ್ಕ. ಸೂತ್ರ ಹೀಗಿದೆ:

ಪರಿಹಾರ = ನಷ್ಟ × (ವಿಮಾ ಮೊತ್ತ ÷ ಕಟ್ಟಡದ ನಿಜವಾದ ಮೌಲ್ಯ)

ಒಂದು ಮಳಿಗೆಯ ಮರುನಿರ್ಮಾಣಕ್ಕೆ 60 ಲಕ್ಷ ರೂಪಾಯಿ ಬೇಕು, ಆದರೆ ವಿಮೆ ಇರುವುದು 40 ಲಕ್ಷಕ್ಕೆ ಎಂದುಕೊಳ್ಳೋಣ. ಬೆಂಕಿಯಿಂದ 15 ಲಕ್ಷ ರೂಪಾಯಿಯ ಹಾನಿಯಾದರೆ ದೊರೆಯುವ ಪರಿಹಾರ 10 ಲಕ್ಷ ಮಾತ್ರ. ನಷ್ಟವು ವಿಮಾ ಮೊತ್ತದ ಒಳಗೇ ಇದ್ದರೂ ಉಳಿದ 5 ಲಕ್ಷವನ್ನು ಮಾಲೀಕನೇ ಭರಿಸಬೇಕು. ದುರಸ್ತಿಗೆ ಹಣ ಸಾಲದೆ ಕೆಲಸ ನಿಂತರೆ ಬಾಡಿಗೆದಾರನ ವ್ಯಾಪಾರವೂ ನಿಲ್ಲುತ್ತದೆ. ಹೀಗೆ ಮಾಲೀಕನು ಕಂತಿನಲ್ಲಿ ಉಳಿಸಿದ ಅಲ್ಪ ಹಣದ ಫಲವನ್ನು ಇಬ್ಬರೂ ಅನುಭವಿಸಬೇಕಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ

ಇಂಗ್ಲೆಂಡಿನಲ್ಲಿ ಏಳು ವರ್ಷಕ್ಕಿಂತ ಕಡಿಮೆ ಅವಧಿಯ ವಸತಿ ಗುತ್ತಿಗೆಗಳಲ್ಲಿ ಕಟ್ಟಡದ ರಚನೆ ಮತ್ತು ಹೊರಭಾಗವನ್ನು, ನೀರು, ಅನಿಲ, ವಿದ್ಯುತ್, ನೈರ್ಮಲ್ಯ ವ್ಯವಸ್ಥೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೆಯ ಪ್ರಕರಣವು ಮಾಲೀಕನ ಮೇಲೆ ಹೊರಿಸುತ್ತದೆ. ವಾಣಿಜ್ಯ ಗುತ್ತಿಗೆಗಳಲ್ಲಿ ಇದು ಬಹುತೇಕ ಕರಾರನ್ನು ಅವಲಂಬಿಸಿದೆ. ಸಂಪೂರ್ಣ ದುರಸ್ತಿಯ ಹೊಣೆ ಬಾಡಿಗೆದಾರನದಾಗಿರುವುದೂ ಉಂಟು.

ದುರಸ್ತಿ ಎಂದರೆ ಹೊಸದಾಗಿಸುವುದಲ್ಲ. 1890ರ ಪ್ರೌಡ್‌ಫುಟ್ ವಿರುದ್ಧ ಹಾರ್ಟ್ ಮೊಕದ್ದಮೆಯಲ್ಲಿ, ಬಾಡಿಗೆ ಮನೆಯ ಸುಸ್ಥಿತಿಯನ್ನು ಅದರ ವಯಸ್ಸು, ಸ್ವರೂಪ ಮತ್ತು ಅದಿರುವ ಪ್ರದೇಶಕ್ಕೆ ತಕ್ಕಂತೆ ಅಳೆಯಬೇಕೆಂಬ ತತ್ತ್ವವನ್ನು ಮೇಲ್ಮನವಿ ನ್ಯಾಯಾಲಯ ನಿರೂಪಿಸಿತು. ದುರಸ್ತಿಯ ಷರತ್ತನ್ನು ಮುರಿದುದಕ್ಕಾಗಿ ಮಾಲೀಕನು ಕೇಳಬಹುದಾದ ನಷ್ಟ ಪರಿಹಾರಕ್ಕೆ 1927ರ ಕಾಯ್ದೆಯ 18ನೆಯ ಪ್ರಕರಣ ಮಿತಿ ಹಾಕಿದೆ: ದುರಸ್ತಿಯಿಲ್ಲದ ಕಾರಣ ಅವನ ಆಸ್ತಿಯ ಮೌಲ್ಯ ಎಷ್ಟು ತಗ್ಗಿದೆಯೋ ಅದನ್ನು ಪರಿಹಾರ ಮೀರುವಂತಿಲ್ಲ. ಹೇಗೂ ಕೆಡವಲಿರುವ ಕಟ್ಟಡದ ದುರಸ್ತಿ ವೆಚ್ಚವನ್ನು ಹೊರಹೋಗುವ ಬಾಡಿಗೆದಾರನಿಂದ ವಸೂಲಿ ಮಾಡಲು ಇದರಿಂದ ಅವಕಾಶ ತಪ್ಪಿದೆ.

ವಾಣಿಜ್ಯ ಕಟ್ಟಡಗಳಿಗೆ ಮಾಲೀಕನು ವಿಮೆ ಮಾಡಿಸಿ, ಅದರ ಕಂತನ್ನು ಬಾಡಿಗೆದಾರನಿಂದ ಪಡೆಯುವುದು ಅಲ್ಲಿನ ಸಾಮಾನ್ಯ ಪದ್ಧತಿ. ಬಾಡಿಗೆದಾರನ ಅಜಾಗರೂಕತೆಯಿಂದಲೇ ಬೆಂಕಿ ಬಿದ್ದರೆ, ಪರಿಹಾರ ಕೊಟ್ಟ ವಿಮಾ ಕಂಪನಿಯು ಆ ಹಣವನ್ನು ಅವನಿಂದ ವಸೂಲಿ ಮಾಡಬಹುದೇ ಎಂಬ ಪ್ರಶ್ನೆ 1985ರಲ್ಲಿ ಮಾರ್ಕ್ ರೋಲೆಂಡ್ಸ್ ವಿರುದ್ಧ ಬರ್ನಿ ಇನ್ಸ್ ಮೊಕದ್ದಮೆಯಲ್ಲಿ ಎದುರಾಯಿತು. ವಿಮೆಯು ಇಬ್ಬರ ಹಿತಕ್ಕಾಗಿ ಮಾಡಿಸಿದ್ದು, ಬಾಡಿಗೆದಾರನೂ ಕಂತಿಗೆ ಹಣ ಕೊಟ್ಟಿದ್ದಾನೆ ಎಂಬ ಕಾರಣದಿಂದ ವಸೂಲಿಗೆ ಅವಕಾಶವಿಲ್ಲವೆಂದು ತೀರ್ಪಾಯಿತು.

ಭಾರತದಲ್ಲಿ

ಭಾರತದಲ್ಲಿ ಮಾಲೀಕ ಮತ್ತು ಬಾಡಿಗೆದಾರರ ಮೂಲಭೂತ ಹಕ್ಕುಬಾಧ್ಯತೆಗಳನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಪ್ರಕರಣ ನಿರೂಪಿಸುತ್ತದೆ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಅಥವಾ ಸ್ಥಳೀಯ ರೂಢಿ ಬೇರೆಯಾಗಿಲ್ಲದಿದ್ದರೆ ಅದರ ಮುಖ್ಯ ನಿಯಮಗಳು ಇವು:

ಬೆಂಕಿ, ಬಿರುಗಾಳಿ, ನೆರೆ ಅಥವಾ ಗುಂಪಿನ ಹಿಂಸೆಯಿಂದ ಆಸ್ತಿಯ ಮುಖ್ಯ ಭಾಗ ಸಂಪೂರ್ಣ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಗುತ್ತಿಗೆಯನ್ನು ಅಸಿಂಧುವೆಂದು ಪರಿಗಣಿಸುವ ಆಯ್ಕೆ ಬಾಡಿಗೆದಾರನಿಗಿದೆ. ಆದರೆ ಹಾನಿ ಅವನ ತಪ್ಪಿನಿಂದ ಆಗಿರಬಾರದು. ಲಂಡನ್ನಿನ ಬೆಂಕಿಯ ನಂತರ ಅಲ್ಲಿನ ಬಾಡಿಗೆದಾರರಿಗೆ ಎದುರಾದ ಇಕ್ಕಟ್ಟಿಗೆ ಇಲ್ಲಿ ಕಾನೂನೇ ದಾರಿ ತೋರಿಸಿದೆ.

ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ಪಡೆದ ಮೇಲೂ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಬಾಡಿಗೆದಾರನು ಆಸ್ತಿಯನ್ನು ತಾನು ವಶಕ್ಕೆ ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಗಳಿಂದಾದ ಹಾನಿಗೆ ಅವನು ಹೊಣೆಯಲ್ಲ. ವಶಕ್ಕೆ ಪಡೆದ ದಿನದ ಸ್ಥಿತಿಯೇ ಅಳತೆಗೋಲಾಗಿರುವುದರಿಂದ, ಅಂದಿನ ದಾಖಲೆ ಇಲ್ಲದಿದ್ದರೆ ಈ ನಿಯಮವನ್ನು ಅನ್ವಯಿಸುವುದೇ ಕಷ್ಟವಾಗುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯು ದುರಸ್ತಿಯ ಹೊಣೆಯನ್ನು ಅನುಸೂಚಿಯಲ್ಲಿ ಹಂಚಿದೆ. ರಚನೆಯ ದುರಸ್ತಿ, ಸುಣ್ಣಬಣ್ಣ, ವಿದ್ಯುತ್ ತಂತಿಗಳು ಮಾಲೀಕನಿಗೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಮೊದಲಾದವು ಬಾಡಿಗೆದಾರನಿಗೆ. ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಈ ಮಾದರಿ ಜಾರಿಗೆ ಬರುತ್ತದೆ.

ಮನೆಗಳ ವಿಮೆಗಾಗಿ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಇದರಲ್ಲಿ ಕಟ್ಟಡದ ವಿಮಾ ಮೊತ್ತವನ್ನು ಮನೆಯ ಒಳವಿಸ್ತೀರ್ಣ ಮತ್ತು ಚಾಲ್ತಿಯಲ್ಲಿರುವ ನಿರ್ಮಾಣ ದರಗಳ ಆಧಾರದಿಂದ ನಿಗದಿಪಡಿಸಲಾಗುತ್ತದೆ. ಉದಾಹರಣೆಗೆ 100 ಚದರ ಮೀಟರಿನ ಮನೆಗೆ ಚದರ ಮೀಟರಿಗೆ 25,000 ರೂಪಾಯಿ ದರವಾದರೆ ಮೊತ್ತ 25 ಲಕ್ಷ. ಈ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿ ಏರುತ್ತದೆ. ವಿಸ್ತೀರ್ಣದ ಮಾಹಿತಿಯನ್ನು ಸರಿಯಾಗಿ ನೀಡಿದ್ದರೆ ಸರಾಸರಿ ನಿಯಮ ಅನ್ವಯಿಸುವುದಿಲ್ಲ. ಬಾಡಿಗೆದಾರರು ಮನೆಯೊಳಗಿನ ಸಾಮಾನುಗಳಿಗೆ ಮಾತ್ರವೂ ಈ ಪಾಲಿಸಿಯನ್ನು ಪಡೆಯಬಹುದು. ಅಂಗಡಿ, ಗೋದಾಮು ಮುಂತಾದ ಉದ್ಯಮದ ಕಟ್ಟಡಗಳಿಗೆ ಪಾಲಿಸಿಗಳು ಬೇರೆ. ಕಡಿಮೆ ವಿಮೆಯ ನಿಯಮ ಅಲ್ಲಿ ಪೂರ್ತಿಯಾಗಿ ಮನ್ನಾ ಆಗಿಲ್ಲ.

ಕರ್ನಾಟಕದಲ್ಲಿ

ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾಗಿರುವುದರಿಂದ 11 ತಿಂಗಳ ಬಾಡಿಗೆ ಕರಾರು ನಗರಗಳಲ್ಲಿ ವಾಡಿಕೆಯಾಗಿದೆ. ಸಿದ್ಧ ನಮೂನೆಯ ಇಂಥ ಕರಾರುಗಳಲ್ಲಿ ಕಟ್ಟಡದ ಸ್ಥಿತಿಯ ಬಗ್ಗೆ ಸಾಮಾನ್ಯವಾಗಿ ಒಂದೆರಡು ಸಾಲುಗಳಷ್ಟೇ ಇರುತ್ತವೆ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಮತ್ತು ಮನೆ ಬಿಡುವಾಗ ಬಣ್ಣ ಹಾಗೂ ದುರಸ್ತಿಯ ಹೆಸರಿನಲ್ಲಿ ಅದರಿಂದ ಕಡಿತ ಮಾಡುವ ರೂಢಿ ಇದೆ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ವಾಸಿಸುವ ‘ಭೋಗ್ಯ’ದ ಪದ್ಧತಿಯಲ್ಲಿ ಕುಟುಂಬವೊಂದರ ಉಳಿತಾಯದ ಬಹುಭಾಗ ಮಾಲೀಕನ ಕೈಯಲ್ಲಿರುತ್ತದೆ. ಈ ಎರಡೂ ಸಂದರ್ಭಗಳಲ್ಲಿ ದಿನಾಂಕಸಹಿತ ಛಾಯಾಚಿತ್ರಗಳು ಮತ್ತು ಇಬ್ಬರೂ ಸಹಿ ಮಾಡಿದ ಸ್ಥಿತಿ ದಾಖಲೆ ಕಡಿಮೆ ಖರ್ಚಿನ ರಕ್ಷಣೆಯಾಗಬಲ್ಲವು. ಸಣ್ಣ ಮನೆಗೆ ಇದನ್ನು ಪರಿಣತರ ನೆರವಿಲ್ಲದೆಯೂ ತಯಾರಿಸಬಹುದು.

ನಿರ್ಮಾಣ ವೆಚ್ಚದ ಅಂದಾಜಿಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಒಂದು ಆಧಾರ. ಹೆಂಚಿನ ಮನೆ, ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆಯ ಹಳೆಯ ತಾರಸಿ ಇಂಥವುಗಳಿಗೆ ಸಾಮಾನ್ಯ ಕಾಂಕ್ರೀಟ್ ಕಟ್ಟಡದ ದರ ಸರಿಹೊಂದುವುದಿಲ್ಲ. ಕುಶಲಕರ್ಮಿಗಳ ಕೂಲಿಯನ್ನೂ ಸಾಮಗ್ರಿಯ ಲಭ್ಯತೆಯನ್ನೂ ವಿಚಾರಿಸಿ ಬೇರೆಯಾಗಿ ಲೆಕ್ಕ ಹಾಕಬೇಕಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳು ಇನ್ನೊಂದು ಮಿತಿಯನ್ನು ತೋರಿಸಿಕೊಟ್ಟವು. ಮನೆಯೊಂದಿಗೆ ಅದು ನಿಂತಿದ್ದ ನೆಲವೂ ಜಾರಿಹೋದರೆ, ಕಟ್ಟಡದ ವಿಮೆಯಿಂದ ಆ ನೆಲದ ಬೆಲೆ ಬರುವುದಿಲ್ಲ.

ಮಿತಿಗಳು

ಸಮೀಕ್ಷೆಯು ಕಟ್ಟಡಕ್ಕೆ ಕೊಡುವ ಖಾತರಿ ಪತ್ರವಲ್ಲ. ಸಮೀಕ್ಷಕರು ಸಾಮಾನ್ಯವಾಗಿ ನೆಲವನ್ನು ಅಗೆಯುವುದಿಲ್ಲ, ಗಾರೆಯನ್ನು ಕೆರೆಯುವುದಿಲ್ಲ. ಮುಚ್ಚಿಹೋದ ಭಾಗಗಳ ಬಗ್ಗೆ ವರದಿಯಲ್ಲಿ ಅದನ್ನು ನಮೂದಿಸುತ್ತಾರೆ. ವಿಮಾ ಮೌಲ್ಯಮಾಪನವೂ ಒಂದು ಅಂದಾಜು. ದೊಡ್ಡ ವಿಪತ್ತಿನ ನಂತರ ಒಂದೇ ಊರಿನಲ್ಲಿ ನೂರಾರು ಮನೆಗಳ ಕೆಲಸ ಒಟ್ಟಿಗೆ ಆರಂಭವಾದಾಗ ಕೂಲಿ ಮತ್ತು ಸಾಮಗ್ರಿಯ ಬೆಲೆ ಅಂದಾಜನ್ನು ಮೀರಿ ಏರಬಹುದು. ಸಹಜ ಸವೆತ, ನಿರ್ವಹಣೆಯ ಕೊರತೆ ಮತ್ತು ಮೊದಲೇ ಇದ್ದ ದೋಷಗಳಿಗೆ ವಿಮೆ ಪರಿಹಾರ ನೀಡುವುದಿಲ್ಲ. ಸೋರುವ ತಾರಸಿಯನ್ನು ಕಾಲಕಾಲಕ್ಕೆ ಸರಿಪಡಿಸುವ ಕೆಲಸ, ಪಾಲಿಸಿ ಇದ್ದರೂ, ಕರಾರಿನ ಪ್ರಕಾರ ಹೊಣೆ ಹೊತ್ತವರದೇ ಆಗಿ ಉಳಿಯುತ್ತದೆ.